ಗುಟ್ಟು ಬಿಟ್ಟುಕೊಡುವ ಪಾಠ

ಮಣಿಪಾಲದಿಂದ ಬಸ್ಸು ಇಳಿಜಾರು ಇಳಿಯುವಾಗ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಕಾಪುವಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ, ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಆ ಶನಿವಾರ ಸುತ್ತಲಿನ ಶಾಲೆಗಳ ಶಿಕ್ಷಕರಿಗೆಂದು ಮಣಿಪಾಲದಲ್ಲಿ ಒಂದು ಶಿಬಿರ ನಡೆದಿತ್ತು. ಊಟ ಚೆನ್ನಾಗಿರುತ್ತದೆ ಎಂದು ಕೇಳಿ ಹೋದವಳು ನಾನು, ಸುಳ್ಳು ಯಾಕೆ ಹೇಳಲಿ. ಮಧ್ಯಾಹ್ನ ಮಾನಸಿಕ ಕಾಯಿಲೆಗಳ ಡಾಕ್ಟರೊಬ್ಬರು, ಐವತ್ತರ ಆಸುಪಾಸಿನ ಹೆಂಗಸು, ಮಾತಾಡಿದರು. ಎಲ್ಲರೂ ತೂಕಡಿಸುವ ಆ ಹೊತ್ತಿನಲ್ಲಿ ಅವರು ಹೇಳಿದ ಒಂದು ಮಾತು ನನ್ನ ನಿದ್ದೆ ಹಾರಿಸಿತು.

"ಈ ಪ್ರಾಯದ ಮಕ್ಕಳು ಮನಸ್ಸು ಕೆಟ್ಟಾಗ ಮೊದಲು ಹೇಳುವುದು ನಿಮಗಲ್ಲ, ಅಪ್ಪ ಅಮ್ಮನಿಗೂ ಅಲ್ಲ. ಸ್ನೇಹಿತರಿಗೆ. ಆಗ ಎಂತ ಮಾಡಬೇಕು ಅಂತ ಆ ಸ್ನೇಹಿತರಿಗೆ ಯಾರೂ ಕಲಿಸಿರುವುದಿಲ್ಲ."

ಹೌದಲ್ಲ ಎನಿಸಿತು. ಕಪ್ಪೆಯ ಹೃದಯಕ್ಕೆ ಎಷ್ಟು ಕೋಣೆ ಎಂದು ಕಲಿಸುತ್ತೇವೆ. ಪಕ್ಕದಲ್ಲಿ ಕೂತ ಗೆಳತಿ ತಿಂಗಳಿಂದ ಬುತ್ತಿ ಮುಚ್ಚಳ ತೆಗೆದಿಲ್ಲ ಎಂದರೆ ಏನು ಮಾಡಬೇಕೆಂದು ಕಲಿಸುವುದಿಲ್ಲ. ಶಿಬಿರ ಮುಗಿದ ಮೇಲೆ ಡಾಕ್ಟರನ್ನು ಬಾಗಿಲಲ್ಲೇ ಅಡ್ಡಗಟ್ಟಿ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದೆ. ಕೈಯಲ್ಲಿದ್ದ ಚಹಾ ಆರಿ ತಣ್ಣಗಾಗುವವರೆಗೆ ಅವರು ನಿಂತು ಉತ್ತರ ಕೊಟ್ಟರು. ಬಸ್ಸಿನಲ್ಲಿ ಪಕ್ಕದ ಸೀಟಿನ ಅಪರಿಚಿತ ಹೆಂಗಸಿಗೆ ಅಷ್ಟನ್ನೂ ಒಪ್ಪಿಸಿದೆ. ನನ್ನ ಕಾಟ ತಡೆಯಲಾರದೆ ಆಕೆ ಉಡುಪಿಯಲ್ಲಿ ಒಂದು ಸ್ಟಾಪು ಮೊದಲೇ ಇಳಿದಿರಬೇಕು. ಸಂತೆಕಟ್ಟೆಯ ಹತ್ತಿರದ ನಮ್ಮ ಮನೆಗೆ ಬಂದು ಅಮ್ಮನಿಗೆ ಕೊಂಕಣಿಯಲ್ಲಿ ಇನ್ನೊಮ್ಮೆ ಮೊದಲಿನಿಂದ ಶುರುಮಾಡಿದೆ. ಅಮ್ಮ, ಮೊದಲು ಕೈಕಾಲು ತೊಳಿ ಎಂದರು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಹೇಳುವುದುಂಟು. ಸೋಮವಾರ ಹೆಡ್‌ಮಾಸ್ಟರ ಕೋಣೆಗೆ ಹೋಗುವಾಗ ಅದನ್ನು ಬಾಗಿಲಾಚೆ ಬಿಟ್ಟು ಹೋಗಬೇಕೆಂದು ನಿಶ್ಚಯಿಸಿದ್ದೆ. ಶುಕ್ರವಾರದ ಕೊನೆಯ ನೀತಿಪಾಠದ ಪೀರಿಯಡ್ಡನ್ನು ಹತ್ತನೆಯ ತರಗತಿಯ ಹುಡುಗಿಯರಿಗಾಗಿ ನನಗೆ ಕೊಡಿ ಎಂದು ಕೇಳಿದೆ.

"ಅದರಲ್ಲಿ ಎಂತ ಕಲಿಸ್ತೀರಿ?" ಎಂದರು ಅವರು.

"ಗೆಳತಿಗೆ ಮನಸ್ಸು ಸರಿ ಇಲ್ಲದಿದ್ದಾಗ ಹೇಗೆ ಜೊತೆಗಿರಬೇಕು ಅಂತ, ಸಾರ್."

"ಇಲ್ಲದ್ದನ್ನು ಮಕ್ಕಳ ಮಂಡೆಗೆ ತುಂಬಿಸುವುದು ಬೇಡ. ನಾಳೆ ಎಲ್ಲರೂ ನನಗೂ ಮಂಡೆ ಸಮ ಇಲ್ಲ ಅಂತ ರಜೆ ಕೇಳ್ತಾರೆ."

"ಮಲೇರಿಯಾದ ಪಾಠ ಮಾಡಿದರೆ ಮಕ್ಕಳಿಗೆ ಚಳಿಜ್ವರ ಬರ್ತದಾ, ಸಾರ್?"

ಸಿಟ್ಟು ಬಾಗಿಲಾಚೆ ನಿಂತಿರಲಿಲ್ಲ, ನನ್ನ ಹಿಂದೆಯೇ ಒಳಗೆ ಬಂದಿತ್ತು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಒಳ್ಳೆಯ ಮನುಷ್ಯ. ವರ್ಷಗಟ್ಟಲೆ ಅದೇ ನೀತಿ ಹೇಳಿ ಅವರಿಗೂ ಸಾಕಾಗಿತ್ತೋ ಏನೋ, "ಒಂದು ತಿಂಗಳು ನೋಡುವ" ಎಂದರು.

ಮೊದಲ ಶುಕ್ರವಾರ ಇಬ್ಬರು ಹುಡುಗಿಯರನ್ನು ಎದುರುಬದುರು ಕುರ್ಚಿಯಲ್ಲಿ ಕೂರಿಸಿದೆ. ಒಬ್ಬಳು ಮನಸ್ಸು ನೊಂದವಳು, ಇನ್ನೊಬ್ಬಳು ಕೇಳಿಸಿಕೊಳ್ಳುವವಳು. ಡಾಕ್ಟರು ಹೇಳಿಕೊಟ್ಟಂತೆ, ಮುಖ ನೋಡಿ ಮೆಲ್ಲಗೆ ಕೇಳು, ಉಪದೇಶ ಮಾಡಬೇಡ ಎಂದೆ. "ನಿನಗೆ ಎಂತ ಬೇಜಾರು?" ಎಂದು ಅವಳು ಕೇಳಿದ್ದೇ ತಡ, ನೊಂದವಳು ದಾವಣಿಯ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ಇಡೀ ತರಗತಿ ನಕ್ಕಿತು. ಹಿಂದಿನ ಬೆಂಚಿನಿಂದ ಸಲಹೆಗಳು ಬಂದವು: ಮಂತ್ರಿಸಿದ ನೂಲು ಕಟ್ಟಿಸು, ಮದುವೆಯಾದರೆ ಸರಿಯಾಗ್ತದೆ, ನಮ್ಮ ದೊಡ್ಡಮ್ಮನಿಗೂ ಹೀಗೇ ಆಗಿತ್ತು. ಉಪದೇಶ ಬೇಡ ಎಂದು ನಾನು ಹೇಳಿ ಬಾಯಿ ಮುಚ್ಚಿರಲಿಲ್ಲ.

ಆಗ ಎದ್ದು ನಿಂತವಳು ಒಬ್ಬ ಕುಳ್ಳ ಹುಡುಗಿ. ಕಡಲ ಬದಿಯ ಮೀನುಗಾರರ ಮನೆಯವಳು, ಇಡೀ ಶಾಲೆಗೆ ಮಾತಿನಮಲ್ಲಿ.

"ಟೀಚರೇ, ಹೀಗೆ ಎದುರು ಕೂತು ಮುಖ ನೋಡಿ ಕೇಳಿದ್ರೆ ಯಾರಾದ್ರೂ ಹೇಳ್ತಾರಾ? ಹೆಣ್ಣು ನೋಡ್ಲಿಕ್ಕೆ ಬಂದವರ ಹಾಗೆ ಆಗ್ತದೆ. ನಾವು ಬೀಡಿ ಕಟ್ಟುವಾಗ ಅಲ್ವಾ ಎಲ್ಲ ಹೇಳಿಕೊಳ್ಳುವುದು?"

ನಮ್ಮ ಕಡೆ ಆಗ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಶಾಲೆ ಬಿಟ್ಟು ಬಂದು ಬೀಡಿ ಕಟ್ಟುತ್ತಿದ್ದರು. ಜಗಲಿಯಲ್ಲಿ ಸಾಲಾಗಿ ಕಾಲು ನೀಡಿ ಕೂತು, ಮಡಿಲಲ್ಲಿ ಗೆರಸೆ ಇಟ್ಟುಕೊಂಡು, ಎಲೆಗೆ ತಂಬಾಕಿನ ಪುಡಿ ಹಾಕಿ ಸುರುಳಿ ಸುತ್ತಿ ನೂಲು ಬಿಗಿದು, ಕಟ್ಟಿದ್ದನ್ನು ಬೀಡಿ ಕಂಪನಿಯ ಬ್ರಾಂಚಿಗೆ ಕೊಡುವ ಕೆಲಸ. ಕಣ್ಣು ಕೈಯ ಮೇಲೆ, ಬಾಯಿಗೆ ಬಿಡುವು. ಪಕ್ಕದವಳ ಮುಖ ನೋಡಬೇಕಾಗಿಲ್ಲ. ಮಾತು ನಿಂತರೆ ನಿಂತಿತು, ಕೈ ನಡೆಯುತ್ತಿರುತ್ತದೆ, ಯಾರಿಗೂ ಮುಜುಗರವಿಲ್ಲ. ಮನಸ್ಸು ಬಿಚ್ಚಲು ಇದಕ್ಕಿಂತ ಒಳ್ಳೆಯ ಏರ್ಪಾಡು ಯಾವ ದೇಶದಲ್ಲಿದೆ? ನನಗೆ ಅಲ್ಲೇ ಕುಣಿಯಬೇಕೆನಿಸಿತು.

ಮುಂದಿನ ಶುಕ್ರವಾರ ಕುರ್ಚಿಗಳನ್ನು ಮೂಲೆಗೆ ಸರಿಸಿ ಎಲ್ಲರನ್ನೂ ನೆಲದ ಮೇಲೆ ಸಾಲಾಗಿ ಕೂರಿಸಿ ಹಳೆಯ ಪತ್ರಿಕೆಯ ತುಂಡುಗಳನ್ನು ಹಂಚಿದೆ. ಕೈಗಳು ಕಾಗದದ ಬೀಡಿ ಸುತ್ತತೊಡಗಿದವು, ಮಾತು ತಾನಾಗಿ ಹೊರಟಿತು. ಒಬ್ಬಳು ನಟಿಸುವುದನ್ನು ಮರೆತು, ಅಣ್ಣ ಗಲ್ಫಿಗೆ ಹೋದ ಮೇಲೆ ಮನೆಯಲ್ಲಿ ಯಾರೂ ತನ್ನೊಡನೆ ಸರಿಯಾಗಿ ಮಾತಾಡುವುದಿಲ್ಲ ಎಂದು ನಿಜವನ್ನೇ ಹೇಳಿದಳು. ಪಕ್ಕದವಳು ಉಪದೇಶ ಮಾಡದೆ "ಹೂಂ" ಎಂದಳು. ಆ ಒಂದು ಹೂಂಗೆ ನಾನು ಪೂರ್ತಿ ಅಂಕ ಕೊಡುತ್ತಿದ್ದೆ. ಅಷ್ಟರಲ್ಲಿ ಹೆಡ್‌ಮಾಸ್ಟರು ಬಾಗಿಲಿಗೆ ಬಂದು ನಿಂತರು.

"ಇದು ಶಾಲೆಯಾ, ಬೀಡಿ ಬ್ರಾಂಚಾ?"

"ಕಾಗದದ್ದು, ಸಾರ್. ಸೇದ್ಲಿಕ್ಕೆ ಆಗುವುದಿಲ್ಲ" ಎಂದೆ. ಅವರು ಬಂದ ನಗುವನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡು ಹೊರಟುಹೋದರು.

ಆ ತಿಂಗಳಲ್ಲಿ ಇನ್ನೊಂದು ವಿಷಯವನ್ನೂ ಕಲಿಸಿದೆ. ಗೆಳತಿ ಹೇಳಿಕೊಂಡದ್ದನ್ನು ಊರಿಗೆ ಹಂಚಬೇಡಿ, ಹೊಟ್ಟೆಯಲ್ಲಿಟ್ಟುಕೊಳ್ಳಿ. ಆದರೆ ಬದುಕುವುದೇ ಬೇಡ ಎಂಬ ಮಾತು ಅವಳ ಬಾಯಲ್ಲಿ ಬಂದರೆ ಮಾತ್ರ ಆ ಗುಟ್ಟು ನಿಮ್ಮದಲ್ಲ. ಅದೇ ದಿನ ನಂಬಿಕೆಯ ಹಿರಿಯರೊಬ್ಬರಿಗೆ ಹೇಳಬೇಕು, ಅಲ್ಲಿಯವರೆಗೆ ಅವಳನ್ನು ಒಂಟಿ ಬಿಡಬಾರದು. ಎಲ್ಲರೂ ತಲೆಯಾಡಿಸಿದರು. ತಲೆಯಾಡಿಸುವುದು ಸುಲಭ.

ದೀಪಾವಳಿ ಕಳೆದ ಮೇಲೆ ಅದೇ ತರಗತಿಯ ಇನ್ನೊಬ್ಬಳು ಶಾಲೆಗೆ ಬರುವುದನ್ನು ನಿಲ್ಲಿಸಿದಳು. ಉದ್ದನೆಯ ಹುಡುಗಿ, ಥ್ರೋಬಾಲ್ ಆಡಲು ಇಳಿದರೆ ಎದುರು ತಂಡ ಹೆದರುತ್ತಿತ್ತು. ಮಾತಿನಮಲ್ಲಿಯ ನೆರೆಮನೆಯವಳು, ಅವಳ ಜೀವದ ಗೆಳತಿ. ಊಟ ಸೇರುವುದಿಲ್ಲ, ನಿದ್ದೆ ಇಲ್ಲ, ಗೋಡೆಗೆ ಮುಖ ಮಾಡಿ ಮಲಗಿಯೇ ಇರುತ್ತಾಳೆ ಎಂದು ತಿಳಿಯಿತು. ತಂದೆ ತೀರಿಕೊಂಡಿದ್ದರು. ತಾಯಿ ಕಡಲತಡಿಯಲ್ಲಿ ಮೀನು ಕೊಂಡು ಬುಟ್ಟಿ ಹೊತ್ತು ಮಾರುವವರು. ಗಾಳಿ ತಾಗಿದೆ ಎಂದು ನೂಲು ಕಟ್ಟಿಸಿಯಾಗಿತ್ತು. ಇನ್ನು ಶಾಲೆ ಬಿಡಿಸಿ ಕಾರ್ಕಳದ ಕಡೆಯ ಸಂಬಂಧಿಕರ ಮನೆಗೆ ಕಳಿಸುವುದು, ಕಣ್ಣಿಗೆ ಬೀಳದಿದ್ದರೆ ಊರವರ ಬಾಯಿಯೂ ಮುಚ್ಚುತ್ತದೆ ಎಂಬುದು ಅವರ ಯೋಚನೆ. ಕಾಯಿಲೆಯ ಹುಡುಗಿ ಗೆಳತಿಯೊಬ್ಬಳೂ ಇಲ್ಲದ ಕಡೆ ಹೋಗಿ, ಔಷಧಿಯೂ ಇಲ್ಲದೆ ಮೂಲೆ ಸೇರಿದರೆ ಉಳಿಯುವಳೇ ಎಂದು ನನಗೆ ಹೆದರಿಕೆ. ಮನೆಗೇ ಹೋಗಿ ಮಣಿಪಾಲದ ಡಾಕ್ಟರ ವಿಷಯ ಹೇಳಿದೆ. ತಾಯಿ "ಆಯ್ತು ಟೀಚರೇ, ನೋಡುವ" ಎಂದು ಚಹಾ ಕೊಟ್ಟು ಕಳಿಸಿದರು. ನೋಡುವ ಎಂದರೆ ಇಲ್ಲ ಎಂದೇ ಅರ್ಥ, ನಮ್ಮೂರಲ್ಲಿ ಅದು ಎಲ್ಲರಿಗೂ ಗೊತ್ತು.

ಮಾತಿನಮಲ್ಲಿ ಯಾರ ಅಪ್ಪಣೆಗೂ ಕಾಯಲಿಲ್ಲ. ಸಂಜೆ ಗೆರಸೆ ಹಿಡಿದುಕೊಂಡು ಆ ಜಗಲಿಗೆ ಹೋಗಿ ಕೂರತೊಡಗಿದಳು. ಮರುದಿನ ಬೆಳಿಗ್ಗೆ ಸ್ಟಾಫ್‌ರೂಮಿನ ಕಿಟಕಿಗೆ ಮುಖವಿಟ್ಟು ನನಗೆ ವರದಿ. ಮೊದಮೊದಲು ಗೆಳತಿ ಹೊರಗೇ ಬರಲಿಲ್ಲ. ಆಮೇಲೆ ಒಂದು ದಿನ, "ಟೀಚರೇ, ಬಾಗಿಲಿನವರೆಗೆ ಬಂದಳು." ಇನ್ನೊಂದು ದಿನ, "ಟೀಚರೇ, ಎಲೆ ಕತ್ತರಿಸಿ ಕೊಟ್ಟಳು."

"ನೀನು ಎಂತ ಹೇಳಿದೆ?" ಎಂದು ಕೇಳಿದೆ.

"ಎಂತ ಇಲ್ಲ. ಬಾಯಿ ಮುಚ್ಚಿ ಕೂತೆ. ನನಗೆ ಹೊಟ್ಟೆ ಉಬ್ಬಿ ಹೋಯ್ತು, ಟೀಚರೇ."

ಅವಳಂಥವಳು ಬಾಯಿ ಮುಚ್ಚಿ ಕೂರುವುದೆಂದರೆ ಸಣ್ಣ ತಪಸ್ಸಲ್ಲ. ಕ್ರಿಕೆಟ್ಟಿನ ಸ್ಕೋರಿಗೆ ಕಾಯುವವರ ಹಾಗೆ ನಾನು ದಿನಾ ಬೆಳಿಗ್ಗೆ ಆ ಕಿಟಕಿಯಲ್ಲಿ ಕಾಯುತ್ತಿದ್ದೆ. ಹಾಜರಿ ಕರೆಯುವಾಗಲೂ ನನ್ನ ಮುಖದಲ್ಲಿ ನಗು ಇರುತ್ತಿತ್ತಂತೆ, ಹುಡುಗರು ನನಗೆ ಮದುವೆ ನಿಶ್ಚಯವಾಗಿದೆ ಎಂದು ಸುದ್ದಿ ಹಬ್ಬಿಸಿದ್ದರು.

ಒಂದು ಬೆಳಿಗ್ಗೆ ಕಿಟಕಿಗೆ ಬಂದ ಮುಖದಲ್ಲಿ ಮಾತಿರಲಿಲ್ಲ. ಒಳಗೆ ಕರೆದು ಬಾಗಿಲು ಹಾಕಿದೆ.

"ಹೇಳ್ಲಿಕ್ಕೆ ಆಗುವುದಿಲ್ಲ, ಟೀಚರೇ. ಆಣೆ ಹಾಕಿಸಿದ್ದಾಳೆ. ನಮ್ಮ ಮನೆಯ ದೈವದ ಮೇಲೆ."

ನಾನು ಕ್ರೈಸ್ತಳು, ಇಗರ್ಜಿಗೆ ಹೋಗುವವಳು, ಆದರೆ ಬೆಳೆದದ್ದು ಅದೇ ಮಣ್ಣಿನಲ್ಲಿ. ತುಳುವರ ಮನೆಗಳಲ್ಲಿ ದೈವದ ಮೇಲೆ ಹಾಕಿದ ಆಣೆ ಮುರಿದರೆ ಇಡೀ ಕುಟುಂಬಕ್ಕೆ ಕೇಡು ಎಂಬ ನಂಬಿಕೆ ಎಷ್ಟು ಗಟ್ಟಿ ಎಂದು ನನಗೆ ಗೊತ್ತಿತ್ತು. ಜಾಗದ ತಕರಾರಿನಲ್ಲಿ ಕೋರ್ಟಿಗೂ ಹೆದರದ ಗಂಡಸರು, ದೈವದ ಎದುರು ಆಣೆ ಹಾಕು ಎಂದಾಗ ಹಿಂದೆ ಸರಿದದ್ದನ್ನು ಕಂಡಿದ್ದೇನೆ. ಈ ಹುಡುಗಿಯ ಅಪ್ಪನೂ ಅಣ್ಣನೂ ದೋಣಿಯಲ್ಲಿ ಕಡಲಿಗೆ ಹೋಗುವವರು. ಅವಳ ಕಣ್ಣಮುಂದೆ ಏನಿದೆ ಎಂದು ಅವಳು ಹೇಳಬೇಕಾಗಿರಲಿಲ್ಲ. ನನ್ನ ಶುಕ್ರವಾರದ ಪಾಠದಲ್ಲಿ ಆಣೆಯ ಮಾತೇ ಬಂದಿರಲಿಲ್ಲ. ಬಲವಂತ ಮಾಡಲು ಬಾಯಿ ಬರಲಿಲ್ಲ.

"ಈಗ ಅವಳ ಜೊತೆ ಯಾರಿದ್ದಾರೆ?" ಎಂದಷ್ಟೇ ಕೇಳಿದೆ.

"ನಮ್ಮ ಅಜ್ಜಿಯನ್ನು ಕೂರಿಸಿ ಬಂದಿದ್ದೇನೆ. ಎಲೆ ಕತ್ತರಿಸ್ಲಿಕ್ಕೆ ಉಂಟು ಅಂತ ಹೇಳಿ."

ಇಷ್ಟು ಹೇಳಿ ಅವಳು ಬಿಕ್ಕತೊಡಗಿದಳು. ಆಮೇಲೆ ಒಂದೇ ಉಸಿರಿಗೆ, "ಅವಳಿಗೆ ಬದುಕುವುದು ಬೇಡವಂತೆ, ಟೀಚರೇ. ನಾನು ಹೇಳಿಬಿಟ್ಟೆ. ದೈವ ನನಗೆ ಎಂತ ಬೇಕಾದ್ರೂ ಮಾಡ್ಲಿ" ಎಂದಳು.

ನಾವಿಬ್ಬರೂ ಓಡಿದೆವು. ದಾರಿಯಲ್ಲಿ ಸಿಕ್ಕ ಹೆಡ್‌ಮಾಸ್ಟರಿಗೆ ಎರಡು ಮಾತಿನಲ್ಲಿ ಹೇಳಿದೆ. "ನೀವು ಹೋಗಿ, ನಿಮ್ಮ ಕ್ಲಾಸು ನಾನು ನೋಡಿಕೊಳ್ತೇನೆ" ಎಂದರು. ಗೆಳತಿಯ ತಾಯಿ ಕಡಲತಡಿಯಲ್ಲಿ ಮೀನಿನ ಏಲಂ ನಡೆಯುವಲ್ಲಿದ್ದರು. ಬದಿಗೆ ಕರೆದು ವಿಷಯ ಹೇಳಿದೆ. ಅವರ ಸಿಟ್ಟೆಲ್ಲ ತಿರುಗಿದ್ದು ಮಾತಿನಮಲ್ಲಿಯ ಮೇಲೆ.

"ನನ್ನ ಮಗಳಿಗೆ ಮರ್ಲ್, ಹುಚ್ಚು ಅಂತ ಊರಿಗೆಲ್ಲ ಸಾರ್ತಾ ಇದ್ದೀಯಾ?"

"ಊರಿಗೆ ಹೇಳ್ಲಿಲ್ಲ, ದೊಡ್ಡಮ್ಮ. ಟೀಚರಿಗೆ ಹೇಳಿದೆ. ದೈವದ ಆಣೆ ಮುರಿದು ಹೇಳಿದೆ."

ತಾಯಿಯ ಮುಖ ಬಿಳಚಿತು. ನಾನು ಚಹಾ ಕುಡಿಯುತ್ತಾ ಹೇಳಿದ್ದು ಅವರ ಕಿವಿಗೆ ಬಿದ್ದಿರಲಿಲ್ಲ, ಈ ಮಾತು ನೇರ ಎದೆಗೆ ಹೋಯಿತು. ದೈವದ ಆಣೆ ಮುರಿದು ಯಾರೂ ಸುಳ್ಳು ಹೇಳುವುದಿಲ್ಲ, ಸಣ್ಣ ವಿಷಯಕ್ಕೆ ಮುರಿಯುವುದೂ ಇಲ್ಲ. ಬುಟ್ಟಿಯನ್ನು ಮರಳಿನ ಮೇಲೆ ಬಿಟ್ಟು ಅವರು ಮನೆಯ ಕಡೆ ಹೆಜ್ಜೆ ಹಾಕಿದರು. ಮಧ್ಯಾಹ್ನದ ಮೊದಲೇ ನಾವು ಮಣಿಪಾಲದಲ್ಲಿದ್ದೆವು. ಬಸ್ಸಿನಲ್ಲಿ ತಾಯಿಯ ಕೈ ಮಗಳ ಮಣಿಕಟ್ಟನ್ನು ಒಂದು ಕ್ಷಣವೂ ಬಿಡಲಿಲ್ಲ. ಡಾಕ್ಟರು ಅವಳನ್ನು ಬಹಳ ಹೊತ್ತು ಮಾತಾಡಿಸಿ ಆಸ್ಪತ್ರೆಯಲ್ಲೇ ಉಳಿಸಿಕೊಂಡರು. ಇದು ಗಾಳಿಯೂ ಅಲ್ಲ, ಹಟವೂ ಅಲ್ಲ, ವಾಸಿಯಾಗುವ ಕಾಯಿಲೆ ಎಂದು ತಾಯಿಗೆ ತಿಳಿಸಿ ಹೇಳಿದರು. ಹಿಂದಿರುಗುವಾಗ ನನಗೆ ಬಸ್ಸಿನ ಟಾಪಿನ ಮೇಲೆ ಹತ್ತಿ ಕೂಗಬೇಕೆನಿಸುತ್ತಿತ್ತು.

ಆ ಸಂತೋಷ ಪೂರ್ತಿಯಾಗಿರಲಿಲ್ಲ. ಮಾತಿನಮಲ್ಲಿ ಮನೆಯಲ್ಲಿ ದೈವದ ಕೋಣೆಯ ಕಡೆ ಹೋಗುವುದನ್ನೇ ಬಿಟ್ಟಳು. ಅಪ್ಪನ ದೋಣಿ ಹಿಂದಿರುಗುವವರೆಗೆ ದಡದಲ್ಲಿ ನಿಲ್ಲುತ್ತಿದ್ದಳು, ಶಾಲೆಗೆ ತಡವಾಗಿ ಬರುತ್ತಿದ್ದಳು. ತರಗತಿಯಲ್ಲಿ ಅವಳ ದನಿ ಕೇಳಿಸದಾಯಿತು. ಏನೂ ಆಗುವುದಿಲ್ಲ ಎಂದು ನಾನು ಎಷ್ಟು ಹೇಳಿದರೂ, ನಿಮಗೆ ಗೊತ್ತಿಲ್ಲ ಟೀಚರೇ ಎನ್ನುತ್ತಿದ್ದಳು. ಒಬ್ಬಳನ್ನು ಉಳಿಸಿಕೊಳ್ಳಲು ಹೋಗಿ ಇನ್ನೊಬ್ಬಳನ್ನು ಕಳೆದುಕೊಳ್ಳುತ್ತಿದ್ದೇನೆಯೇ ಎಂದು ನನಗೆ ಅಳು ಬರುತ್ತಿತ್ತು. ಮಣಿಪಾಲಕ್ಕೆ ನೋಡಲು ಹೋದಾಗ ಉದ್ದನೆಯ ಹುಡುಗಿ, "ಅವಳು ಹೇಗಿದ್ದಾಳೆ?" ಎಂದು ಕೇಳಿದಳು. ಹೇಳಬಹುದೇ ಎಂದು ಪಕ್ಕದಲ್ಲಿದ್ದ ಡಾಕ್ಟರ ಕಡೆ ನೋಡಿದೆ. ಅವರು ತಲೆಯಾಡಿಸಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಉದ್ದನೆಯ ಹುಡುಗಿಯನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದ ದಿನ ನಾನೂ ಜೊತೆಗಿದ್ದೆ. ಔಷಧಿಯಿಂದ ಮುಖ ಸ್ವಲ್ಪ ಊದಿತ್ತು, ನಡಿಗೆ ನಿಧಾನವಾಗಿತ್ತು. ಬಸ್ಸಿಳಿದವಳು ತನ್ನ ಮನೆಗೆ ಹೋಗಲಿಲ್ಲ. ನೇರ ಗೆಳತಿಯ ಮನೆಗೆ ಹೋಗಿ, ಅಲ್ಲಿದ್ದ ಅವಳ ಅಪ್ಪನೊಡನೆ, ಹಾಕಿಸಿದ ಆಣೆಯನ್ನು ಬಿಡಿಸಲಿಕ್ಕಾಗುತ್ತದಾ ಎಂದು ತುಳುವಿನಲ್ಲಿ ಕೇಳಿದಳು. ಅವರು ದೈವದ ಕೋಣೆಯ ಬಾಗಿಲು ತೆರೆದು ದೀಪ ಹಚ್ಚಿದರು. "ಆಣೆ ಹಾಕಿಸಿದವರೇ ಬಿಡಿಸಬಹುದು. ದೊಡ್ಡದಾಗಿ ಹೇಳಬೇಕು, ಮಗಾ" ಎಂದರು. ಹಿಂದೆ ಸರಿಯುತ್ತಿದ್ದ ಗೆಳತಿಯ ಕೈ ಹಿಡಿದು ಎಳೆದುಕೊಂಡು ಬಂದು ಅವಳು ಹೊಸ್ತಿಲ ಮುಂದೆ ನಿಂತಳು. ಅವಳ ದನಿ ಇಡೀ ಮನೆಗೆ ಕೇಳಿಸಿತು.

"ಆಣೆ ಹಾಕಿಸಿದವಳು ನಾನು, ಹಿಂದೆ ತಗೊಳ್ಳುವವಳೂ ನಾನು. ಇವಳದು ತಪ್ಪಿಲ್ಲ. ಇವಳು ಮುರಿಯದಿದ್ದರೆ ಇವತ್ತು ಇಲ್ಲಿ ನಿಂತು ಇದನ್ನು ಹೇಳ್ಲಿಕ್ಕೆ ನಾನು ಇರ್ತಿರಲಿಲ್ಲ."