ಲೈನಿನ ಮೇಲೆ ಮೂವರು

ಎಂಬತ್ತರ ದಶಕದ ಕೊನೆಯಲ್ಲಿ ನಾನು ಸಿಂಧನೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಊರಿಗೆ ಹೊಸಬಳು, ಬಾಡಿಗೆ ಕೋಣೆಯಲ್ಲಿ ಒಬ್ಬಳೇ. ಮಾತಿಗೆ ಸಿಗುತ್ತಿದ್ದವಳೆಂದರೆ ಲಿಂಗಸುಗೂರು ಎಕ್ಸ್‌ಚೇಂಜಿನ ಆಪರೇಟರ್ ಮಾತ್ರ. ಆಕೆಯ ಮುಖ ನೋಡಿರಲಿಲ್ಲ. ಊರಿಂದೂರಿಗೆ ಕಾಲ್ ಹಚ್ಚಿಕೊಡುತ್ತ ಪರಿಚಯವಾದ ದನಿ ಅದು. ಮಧ್ಯಾಹ್ನ ಅಂಗಡಿಯವರೆಲ್ಲ ಉಂಡು ಅಡ್ಡಾಗುವ ಹೊತ್ತಿಗೆ ಲೈನು ಖಾಲಿಯಾಗುತ್ತಿತ್ತು. ಆಮೇಲೆ ಒಂದು ತಾಸು ನಮ್ಮದೇ ಕಾರುಬಾರು.

ಒಂದು ದಿನ ನನಗೆ ಯಾಕೋ ಬಹಳ ಬೇಸರವಾಗಿತ್ತು.

"ಒಬ್ಬಾಕಿನೇ ಉಂಡು ಉಂಡು ಸಾಕಾಗೇತಿ ಬೇ. ನಿನ್ನೆ ಗ್ವಾಡಿ ಮ್ಯಾಲಿನ ಹಲ್ಲಿಗೆ 'ಉಂಡೇನು?' ಅಂತ ಕೇಳಿದೆ."

"ಏನಂತು?"

"ಲೊಚ್ ಅಂತು."

"ಮತ್ತೇನು, ಉಂಡೈತಿ!"

"ನಗಬ್ಯಾಡ. ನನಗ ಅಳು ಬರಾಕತ್ತೈತಿ."

ಆಕೆ ನಗು ನಿಲ್ಲಿಸಿದಳು. "ಐತಾರ ಬಸ್ ಹತ್ತಿ ನಮ್ಮೂರಿಗೆ ಬಾ. ಇಬ್ರೂ ಕೂಡೇ ಉಣ್ಣೂಣು."

"ಬಸ್ ಎಲ್ಲಿ ಬರ್ತಾವ? ರಸ್ತಾ ಅಗದು ಹಾಕ್ಯಾರಂತ."

"ಎಲ್ಲಿ ಅಗದಾರ?"

"ಮಸ್ಕಿ ಹಂತ್ಯಾಕ, ಹಳ್ಳದಾಗ" ಎಂದಿತು ಮೂರನೆಯ ದನಿ.

ಗಂಡಸಿನ ದನಿ, ವಯಸ್ಸಾದದ್ದು. ನಮ್ಮ ಲೈನು ಮಸ್ಕಿಯನ್ನು ಹಾದು ಹೋಗುತ್ತದೆಂದು ನಮಗೆ ಗೊತ್ತಿತ್ತು. ಅಲ್ಲೊಬ್ಬ ಮನುಷ್ಯ ಕೂತಿರುತ್ತಾನೆಂಬುದೇ ಮರೆತುಹೋಗಿತ್ತು.

"ಯಾರ್ರೀ ನೀವು?" ಗೆಳತಿ ಗದರಿದಳು.

"ಮಸ್ಕಿ ಆಪರೇಟರ್ ರೀ ಅವ್ವಾರ. ಕದ್ದು ಕೇಳಿಲ್ಲ, ಕಿವ್ಯಾಗ ಬಿತ್ತು."

"ಎಷ್ಟು ದಿನದಿಂದ ಬೀಳಾಕತ್ತೈತಿ?"

"ದೀಪಾವಳಿಯಿಂದ" ಎಂದ ಆತ, ಹಾಗೇ ಸೇರಿಸಿದ: "ಸಿಂಧನೂರವ್ವ, ನೀ ಪುಂಡಿಪಲ್ಯಕ್ಕ ಬಳ್ಳೊಳ್ಳಿ ಕಮ್ಮಿ ಹಾಕ್ತಿ. ಹೇಳಬೇಕಂತ ಭಾಳ ದಿನದಿಂದ ತಡಕೊಂಡಿದ್ದೆ."

ಸಿಟ್ಟು ಬರಬೇಕಿತ್ತು, ನಗೆ ಬಂತು. ಅತ್ತ ಲಿಂಗಸುಗೂರೂ ಕಿಸಕ್ಕೆಂದಿತು. ಆತನ ಹೆಂಡತಿ ಮಗಳ ಬಾಣಂತನಕ್ಕೆ ಹೋಗಿ ಮೂರು ತಿಂಗಳಾಗಿತ್ತಂತೆ. ಮನೆಯಲ್ಲಿ ಮಾತಾಡುವವರಿಲ್ಲ, ಲೈನಿನಲ್ಲಿ ನಾವಿದ್ದೆವು. ಅಂದಿನಿಂದ ಆತ ನಮಗೆ ಕಾಕಾ.

ಮರುದಿನದಿಂದ ನಮ್ಮ ಹರಟೆಯೆಲ್ಲ ರಸ್ತೆಯ ಮೇಲೆಯೇ. ಹಳ್ಳದ ಸಣ್ಣ ಸೇತುವೆ ಕಿತ್ತಿದ್ದರು. "ಕಂಕರ ಬಿತ್ತು" ಎಂದು ಕಾಕಾ ಹೇಳಿದರೆ, ಜಲ್ಲಿ ಬಂತೆಂದು ನಮಗೆ ಖುಷಿ. "ರೋಲರ್ ಡ್ರೈವರ್ ತಂಗಿ ಲಗ್ನಕ್ಕ ಹೋಗ್ಯಾನ" ಎಂದ ದಿನ ಇಬ್ಬರೂ ಊಟ ಬಿಟ್ಟವರಂತೆ ಕೂತೆವು. ಹಲ್ಲಿಯ ಜೊತೆ ಮಾತಾಡುವುದು ಯಾವಾಗ ನಿಂತಿತೋ ನನಗೇ ತಿಳಿಯಲಿಲ್ಲ.

ಕೊನೆಗೆ ಕಾಕಾನೇ ತೀರ್ಮಾನ ಕೊಟ್ಟ. "ರಸ್ತಾ ಆಗೂತನಕ ಕಾದ್ರ ನೀವು ಮುದುಕ್ಯಾರಾಗ್ತೀರಿ. ಸಿಂಧನೂರು ಬಸ್ಸು ಹಳ್ಳದ ತನಕ ಬರ್ತೈತಿ. ಇಳದು ನಡಕೊಂತ ದಾಟವ್ವ. ಆ ಕಡಿಯಿಂದ ಲಿಂಗಸುಗೂರವ್ವನ್ನ ಕರಕೊಂಡು ನಾ ಬರ್ತೀನಿ."

ಭಾನುವಾರ ಹೊರಟೆ. ಹಳ್ಳದ ಬಳಿ ಬಸ್ಸು ನಿಂತಿತು. ಕಂಕರದ ಮೇಲೆ ಹತ್ತು ಹೆಜ್ಜೆ ಇಡುವಷ್ಟರಲ್ಲಿ ಚಪ್ಪಲಿಯ ಉಂಗುಟ ಕಿತ್ತಿತು. ಕೈಯಲ್ಲಿ ಹಿಡಿದು ಕುಂಟುತ್ತಿದ್ದಾಗ ಆಚೆ ದಂಡೆಯಿಂದ ಗದ್ದಲ ಕೇಳಿಸಿತು.

"ಯಣ್ಣಾ, ನೀರಿಗೆ ಅಡ್ಡ ಒಂದು ಹಲಗಿ ಹಾಕ್ರಿ! ನಮ್ಮಾಕಿ ಬರಾಕತ್ತಾಳ!"

ಆ ದನಿಯನ್ನು ನಾನು ಸಾವಿರ ದನಿಗಳಲ್ಲೂ ಗುರುತು ಹಿಡಿಯುತ್ತಿದ್ದೆ. ಆದರೆ ದನಿಗೆ ತಕ್ಕ ಎತ್ತರದ, ಮೈತುಂಬಿದ ಹೆಂಗಸೊಬ್ಬಳು ನನ್ನ ಮನಸ್ಸಿನಲ್ಲಿದ್ದಳು. ಅಲ್ಲಿ ಕೊಡೆ ಹಿಡಿದು ನಿಂತಿದ್ದವಳು ನನ್ನ ಹೆಗಲಿಗೂ ಬಾರದ ಕಡ್ಡಿ. ಪಕ್ಕದಲ್ಲಿ ಬಿಳಿ ಟೋಪಿಯ ಮುದುಕ, ಕೈಯಲ್ಲಿ ಡಬ್ಬಿ. ಕೆಲಸಗಾರರು ನಗುತ್ತ ಹಲಗೆ ಹಾಕಿದರು. ದಾಟಿದೆ.

ಆಮೇಲೆ ಆದದ್ದೇ ವಿಚಿತ್ರ. ಮೂವರಿಗೂ ಮಾತೇ ಹೊರಡಲಿಲ್ಲ. ಡಾಂಬರಿನ ಡ್ರಮ್ಮುಗಳ ಪಕ್ಕ, ಬೇವಿನ ಗಿಡದ ಕೆಳಗೆ ಕೂತು, ಕಾಕಾ ತಂದ ಮಂಡಾಳು ಒಗ್ಗರಣೆ, ಮಿರ್ಚಿಯನ್ನು ಹೆಣ್ಣು ನೋಡಲು ಬಂದವರ ಹಾಗೆ ತಲೆ ಬಗ್ಗಿಸಿ ತಿಂದೆವು. ಇಷ್ಟು ದಿನ ಲೈನು ಸವೆಸಿದವರು ನಾವೇನಾ!

ಕಾಕಾ ಚಡಪಡಿಸಿದ. ಮೆಲ್ಲಗೆ ನಮಗೆ ಬೆನ್ನು ಮಾಡಿ, ಮುಷ್ಟಿಯನ್ನು ಕಿವಿಗಿಟ್ಟುಕೊಂಡ.

"ಹಲೋ, ಸಿಂಧನೂರು? ಮಿರ್ಚಿ ಖಾರ ಆತೇನವ್ವ?"

ನಾನೂ ಆಚೆ ತಿರುಗಿದೆ. "ಹಲೋ ಮಸ್ಕಿ, ಭಾಳ ಛಲೋ ಐತ್ರಿ!"

"ಹಲೋ, ಲಿಂಗಸುಗೂರು ಮಾತಾಡಾಕತ್ತೀನಿ," ಗೆಳತಿ ಕೊಡೆಯೊಳಗೆ ಮುಖ ಹುದುಗಿಸಿದಳು, "ಇನ್ನೊಂದು ಮಿರ್ಚಿ ಯಾರ ಪಾಲಿಗೈತಿ?"

ರಸ್ತೆ ಕೆಲಸದವರು ಗುದ್ದಲಿ ಬಿಟ್ಟು ನಿಂತು ನೋಡಿದರು. ಮೂವರು ಮೂರು ದಿಕ್ಕಿಗೆ ಮುಖ ಮಾಡಿ ಕೂತು ಹರಟುತ್ತಿದ್ದೆವು. ಒಂದು ತಾಸಿನ ಮೇಲೆ ಯಾರು ಮೊದಲು ತಿರುಗಿದರೋ ನೆನಪಿಲ್ಲ. ಸಂಜೆಯ ಬಸ್ಸಿನವನು ಹಾರ್ನ್ ಹೊಡೆದೂ ಹೊಡೆದೂ ಕರೆಯಬೇಕಾಯಿತು.

ಶಿವರಾತ್ರಿಗೆ ಕಾಕಾನ ಹೆಂಡತಿ ಮರಳಿ ಬಂದರು. ಸಿಂಧನೂರಿನಿಂದ ನನಗೆ ವರ್ಗವಾಗುವ ತನಕ ನನ್ನ ಎಷ್ಟೋ ಭಾನುವಾರಗಳು ಅವರ ಪಡಸಾಲೆಯಲ್ಲೇ ಕಳೆದವು. ನನ್ನ ತಲೆಗೆ ಎಣ್ಣೆ ಹಚ್ಚುತ್ತ ಆಕೆ ಹೇಳುತ್ತಿದ್ದರು: "ನಮ್ಮನಿಯವರು ಇಷ್ಟು ಮಾತಾಡ್ತಾರಂತ ಮೂವತ್ತು ವರ್ಷದಾಗ ನನಗ ಗೊತ್ತೇ ಇರಲಿಲ್ಲವ್ವ."