ನೀರೊಳಗೆ ಬೈಯುವ ಪಾಠ

ಕೋಥರೂಡಿನ ಈಜುಕೊಳದಲ್ಲಿ ನನಗೆ ಈಜು ಕಲಿಸಿದ ಮಾಸ್ತರರು ಧಾರವಾಡದ ಕಡೆಯವರು. ನಲವತ್ತು ದಾಟಿದ ಮೇಲೆ ಈಜು, ಸೈಕಲ್ಲು, ಓಟ ಮೂರೂ ಒಂದರ ಹಿಂದೊಂದು ಬರುವ ಟ್ರಯಥ್ಲಾನಿನ ಹುಚ್ಚು ಹಿಡಿಸಿಕೊಂಡ ನನಗೆ ಓಟ, ಸೈಕಲ್ಲು ಒಲಿದಿದ್ದವು. ನೀರಿಗಿಳಿದರೆ ಮಾತ್ರ ಉಸಿರು ಬಿಗಿಹಿಡಿದು ಅರ್ಧ ದಾರಿಯಲ್ಲೇ ಕಂಬಿಗೆ ಜೋತುಬೀಳುತ್ತಿದ್ದೆ. ಅವರು ದಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ನನ್ನೊಂದಿಗೆ ತಾವೂ ಕತ್ತು ಹೊರಳಿಸುತ್ತ ಕೂಗುತ್ತಿದ್ದರು: “ನೀರಾಗ ಬೈರಿ, ಮ್ಯಾಲೆ ಬಂದು ಉಸರು ತಗೋರಿ!”

ಬೈದರೆ ಉಸಿರು ತಾನಾಗಿಯೇ ಹೊರಬೀಳುತ್ತದಂತೆ. ನಾನು ಆಫೀಸಿನ ಸಾಹೇಬರಿಂದ ಹಿಡಿದು ಹಡಪಸರದ ಟ್ರಾಫಿಕ್ಕಿನವರೆಗೆ ಎಲ್ಲಕ್ಕೂ ಗುಳುಗುಳು ಬೈದೆ.

ಮೊದಲ ಸ್ಪರ್ಧೆಯಲ್ಲಿ ಕೆರೆ ಈಜಿ ಮುಗಿಸಿ ಸೈಕಲ್ಲಿನತ್ತ ಓಡುತ್ತಿದ್ದಾಗ ಮಾಸ್ತರರೂ ಪಕ್ಕದಲ್ಲೇ ಓಡಿ ಬಂದರು.

“ಇಷ್ಟು ದೂರ ಯಾರಿಗೆ ಬೈದ್ರಿ?”

“ನಿಮಗ ಬೈದೆನ್ರಿ, ಸರ!”

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು: “ಹಂಗಾದ್ರ ಉಸರು ಪೂರಾ ಬಿಟ್ಟೀರಿ!”