ನಂಜಮ್ಮನವರ ಹೊಲಕ್ಕೆ ಚಿರತೆ ಬಂದದ್ದು

ಮರವೇ ಮನುಷ್ಯನ ಮೊದಲ ಆಶ್ರಯ. ಈ ಮಾತನ್ನು ನಾನು ಎಷ್ಟೋ ತರಬೇತಿ ಶಿಬಿರಗಳಲ್ಲಿ ಗಂಭೀರವಾಗಿ ಹೇಳಿದ್ದೇನೆ. ಮರದ ಕೆಳಗೆ ಚಿರತೆ ಇದೆ ಎಂದ ದಿನ ಮಾತ್ರ ನನ್ನ ಮೊದಲ ಆಶ್ರಯ ಇಲಾಖೆಯ ಜೀಪಾಗಿತ್ತು.

ಅದು ನನ್ನ ನಿವೃತ್ತಿಯ ಹಿಂದಿನ ವರ್ಷ. ನಾನು ಕೃಷಿ ಅರಣ್ಯ ವಿಭಾಗದ ಅಧಿಕಾರಿ. ಅಂದರೆ, ಹೊಲದಲ್ಲಿ ಬೆಳೆಯ ಜೊತೆಗೇ ನಮ್ಮ ನೆಲದ ಮರಗಳನ್ನೂ ಬೆಳೆಸಿ ಎಂದು ಸಣ್ಣ ರೈತರಿಗೆ ಹೇಳುತ್ತ ತಿರುಗುವವನು. ಬನಶಂಕರಿ ಆರನೇ ಹಂತದ ಅಂಚಿನಲ್ಲಿ, ಕಾಡಿಗೆ ತಾಗಿದಂತೆ, ನಂಜಮ್ಮನವರ ಒಂದೂವರೆ ಎಕರೆ ಉಳಿದಿತ್ತು. ಉಳಿದ ಮೂರು ಕಡೆ ಲೇಔಟು. ನನ್ನ ಮಾತು ಕೇಳಿ ಅವರು ರಾಗಿಯ ನಡುನಡುವೆ ಹೊಂಗೆ, ಹಲಸು, ನೇರಳೆ ಬೆಳೆಸಿದ್ದರು. ಅವರ ಜೀವನ ನಡೆಯುತ್ತಿದ್ದುದು ಅದರಿಂದಲೇ.

ಪಿತೃಪಕ್ಷದಲ್ಲಿ ಅಲ್ಲಿ ಚಿರತೆಯ ಹೆಜ್ಜೆ ಕಂಡಿತು. ಮಾರನೆಯ ದಿನ ನಾನು ಜೀಪಿನಲ್ಲಿ ಹೋಗುವಷ್ಟರಲ್ಲಿ ಬೇಲಿಯ ಮುಂದೆ ಜೆಸಿಬಿ ಬಂದು ನಿಂತಿತ್ತು. ತರಿಸಿದವರು ಪುಟ್ಟಸ್ವಾಮಿ; ಒಂದು ಕಾಲಕ್ಕೆ ಪಕ್ಕದ ಹೊಲದವರು, ಈಗ ಬಿಲ್ಡಿಂಗ್ ಓನರ್.

“ಸಾರ್, ಮರ ಇರೋದಕ್ಕೇ ಅದು ಬಂದಿರೋದು. ತೆಗೀಬಹುದು ಅಂತ ಒಂದು ರಿಪೋರ್ಟ್ ಕೊಡಿ. ಮಕ್ಕಳು ಸ್ಕೂಲಿಗೆ ಓಡಾಡೋ ದಾರಿ ಇದು.”

ಮಕ್ಕಳ ವಿಷಯ ಸುಳ್ಳಲ್ಲ. ಆದರೆ ಸ್ಥಳ ನೋಡದೆ ಬರೆಯುವಂತಿರಲಿಲ್ಲ. ಅರಣ್ಯದವರ ಬೋನು ಇನ್ನೂ ಬಂದಿರಲಿಲ್ಲ. ಇಬ್ಬರೇ ಹೊಲದೊಳಗೆ ಹೊರಟೆವು: ಕುಡುಗೋಲು ಹಿಡಿದ ನಂಜಮ್ಮ ಮುಂದೆ, ಕೊಡೆ ಹಿಡಿದ ಸರ್ಕಾರ ಹಿಂದೆ.

ರಾಗಿ ಸೊಂಟದೆತ್ತರ ನಿಂತಿತ್ತು. ಹೊಂಗೆಯ ಕೊಂಬೆಗಳು ನೆಲ ಮುಟ್ಟುವಂತೆ ಇಳಿಬಿದ್ದಿದ್ದವು. ಅವುಗಳ ಕೆಳಗೆ ಕತ್ತಲೆ. ನೇರಳೆ ಮರದ ಹತ್ತಿರ ಬರುವಾಗ, ಅಷ್ಟು ಹೊತ್ತೂ ಅರಚುತ್ತಿದ್ದ ಕಾಗೆಗಳು ಒಮ್ಮೆಲೇ ಸುಮ್ಮನಾದವು. ಬುಡದಲ್ಲಿ ಬಾಳೆ ಎಲೆಗಳ ರಾಶಿ, ಕೋಳಿ ಮೂಳೆ. ಅದರ ಪಕ್ಕ ಒಂದು ನಾಯಿಯ ಅರ್ಧ ದೇಹ. ರಕ್ತ ಇನ್ನೂ ಆರಿರಲಿಲ್ಲ.

ಗಾಳಿ ಇರಲಿಲ್ಲ. ಆದರೂ ಎದುರಿನ ರಾಗಿ ಒಂದು ಕಡೆ ಮೆಲ್ಲಗೆ ಅಲುಗಿತು.

“ಓಡ್ಬೇಡಿ ಸಾರ್,” ನಂಜಮ್ಮ ಪಿಸುಗುಟ್ಟಿದರು. “ಬೆನ್ನು ತೋರಿಸ್ಬೇಡಿ. ಹಂಗೇ ಹಿಂದಕ್ಕೆ ಬನ್ನಿ.”

ಹಿಂದೆ ಹಿಂದೆ ಹೆಜ್ಜೆ ಇಟ್ಟೆ. ಬೇಲಿ ಬೆನ್ನಿಗೆ ತಾಗಿದಾಗ ಅದೇ ಚಿರತೆ ಎಂದುಕೊಂಡು ಕೊಡೆ ಬಿಚ್ಚಿದೆ.

ಹೊರಗೆ ಬಂದು, ಜೀಪು ಹತ್ತಿ ಕೂತ ಮೇಲೆ, ಎಲೆಗಳು ಯಾರವು ಎಂದು ಕೇಳಿದೆ.

“ನಮ್ಮವೇ ಸಾರ್,” ಎಂದರು ಪುಟ್ಟಸ್ವಾಮಿ. “ಹಿರೀಕರಿಗೆ ಇಟ್ಟ ಎಡೆ. ಕಾಗೆ ಮುಟ್ಟಬೇಕಲ್ಲ? ನಮ್ಮ ಟೆರೇಸಿಗೆ ಒಂದೂ ಬರಲ್ಲ. ಕಾಡು ಬಿಟ್ರೆ ಮರ ಇರೋದು ಇಲ್ಲೊಂದೇ ಕಡೆ. ಹಳೇ ಊರಿನ ಮನೆಯೋರೆಲ್ಲ ಇಲ್ಲೇ ತಂದಿಡ್ತೀವಿ.”

“ಕಾಗೆ ಬಿಟ್ಟ ಬಾಡೂಟಕ್ಕೆ ನಾಯಿ ಬರ್ತಿದೆ. ನಾಯಿಗೆ ಅದು ಬರ್ತಿದೆ,” ಎಂದೆ. “ಮರ ಕಡೀಬೇಕು ಅಂದ್ರೆ ಕಡೀರಿ. ಅಮಾವಾಸ್ಯೆಗೆ ಕಾಗೆನ ಎಲ್ಲಿಂದ ಕರೀತೀರಿ?”



“ಬಿಡೋ ಪುಟ್ಟ,” ಎಂದರು ನಂಜಮ್ಮ. “ಮರ ಇಲ್ದಿದ್ರೆ ನಿಮ್ಮಪ್ಪ ಬಂದು ಜೆಸಿಬಿ ಮೇಲೆ ಕೂತ್ಕೋತಾನೆ.”

ಪುಟ್ಟಸ್ವಾಮಿ ನಗಲಿಲ್ಲ. ಜೆಸಿಬಿಯ ಕಡೆ ಒಮ್ಮೆ ನೋಡಿ, ಡ್ರೈವರ್‌ಗೆ ಹೋಗುವಂತೆ ಕೈಸನ್ನೆ ಮಾಡಿದರು.

ತಿಳಿವಳಿಕೆ ಭಯವನ್ನು ಓಡಿಸುತ್ತದೆ ಎಂದು ನಮಗೆ ತರಬೇತಿಯಲ್ಲಿ ಕಲಿಸಿದ್ದರು. ಒಂದು ಭಯವನ್ನು ಓಡಿಸಲು ಅದಕ್ಕಿಂತ ಹಳೆಯ ಭಯ ಬೇಕು ಎಂದು ಕೆಲಸ ಕಲಿಸಿತು.

ದಾರಿ ಬದಿಯ ಹೊಂಗೆಯ ಕೆಳಗಿನ ಕೊಂಬೆಗಳನ್ನು ಸವರಿಸಿದೆವು. ಎಡೆಯ ಎಲೆಗಳನ್ನು ಈಗ ಸಂಜೆಗೆ ಮುಂಚೆ ಎತ್ತುತ್ತಾರೆ. ನಂಜಮ್ಮನವರ ಮರಗಳು ನಿಂತಿವೆ. ಆಮೇಲೆ ಬಂದ ಬೋನಿಗೆ ಚಿರತೆ ಬೀಳಲಿಲ್ಲ.